ಅರೆವಾಹಕದ ‘ಅರೆ’ ಅರ್ಧ ಅಲ್ರಿ

ರಾಯಚೂರಿನಾಗ ಫೈನಲ್ ಇಯರ್ ಹುಡುಗ್ರ ಪ್ರಾಜೆಕ್ಟ್ ರಿಪೋರ್ಟ್ ನೋಡಿಕೊಡ್ತೀನಿ, ಈ ವರ್ಷ ಅರೆವಾಹಕದ (ಸೆಮಿಕಂಡಕ್ಟರ್) ಬಗ್ಗೆ ನಾಕನೇ ಸಲ ಅದೇ ಸಾಲು ಬಂತು: "ಅರೆವಾಹಕ ಎಂದರೆ ಅರ್ಧ ಕರೆಂಟ್ ಮಾತ್ರ ಹರಿಯಬಿಡುವ ವಸ್ತು." ಎಷ್ಟು ಸಲ ಹೇಳಬೇಕ್ರಿ, ಹಂಗಲ್ಲ.

ಅರೆಪಾವು ಅಂದ್ರ ಪಾವಿನ ಅರ್ಧ, ಅದು ಅಳತಿ. ಆದ್ರ ಅರೆನಿದ್ದಿ, ಅರೆಗಣ್ಣು, ಅರೆಬೆಂದ ಅನ್ನ ಅಂತೀವಲ್ಲ, ಅಲ್ಲಿ ಯಾರೂ ತಕ್ಕಡಿ ಹಿಡಿಯಂಗಿಲ್ಲ, ಆಕಡಿನೂ ಅಲ್ಲ ಈಕಡಿನೂ ಅಲ್ಲ ನಡುವ ಅದ ಅಂತ ಅಷ್ಟ. ಅರೆವಾಹಕದಾಗ ಇರೋದು ಈ ಅರೆ. ಒಂದು ಕಡಿ ತಾಮ್ರ, ಇನ್ನೊಂದು ಕಡಿ ಗಾಜು, ನಡುವ ಸಿಲಿಕಾನ್, ಅದಕ್ಕ ಚೂರು ಬೋರಾನೋ ಫಾಸ್ಫರಸ್ಸೋ ಬೆರಸಿದ್ರ ಎಷ್ಟು ಹರೀಬೇಕು ಅನ್ನೋದು ನಮ್ಮ ಹತೋಟಿಗೆ ಬರ್ತದ. ಕನ್ನಡದ ಅರೆಗೆ ಸಂಸ್ಕೃತದ ವಾಹಕ ಸೇರಿಸಿದ್ದು ಅರಿಸಮಾಸ ಅಂತ ಮೂಗು ಮುರಿಯೋರು ಅದಾರ. ನನಗಂತೂ ‘ಅರ್ಧವಾಹಕ’ ಅಂತ ಮಾಡ್ಲಿಲ್ಲಲ್ಲ, ಚಲೋ ಆತು ಅನ್ನಸ್ತದ.

ಪವರ್ ಎಲೆಕ್ಟ್ರಾನಿಕ್ಸ್‌ಗೆ, ಅಂದ್ರ ಹೆಚ್ಚು ಕರೆಂಟ್ ಹತೋಟಿ ಮಾಡೋ ಸರ್ಕೀಟಿಗೆ, ಬಂದ್ರ ಅರ್ಧ ಅಂದ್ರ ಸುಡ್ತದ. ಸೋಲಾರ್ ಪಂಪ್‌ಸೆಟ್ಟಿನ ಕಂಟ್ರೋಲರ್ ಒಳಗ ಅರೆವಾಹಕದಿಂದ ಮಾಡಿದ ಸ್ವಿಚ್ ಪೂರ್ತಿ ಆನ್ ಇರಬೇಕು ಇಲ್ಲಾ ಪೂರ್ತಿ ಆಫ್ ಇರಬೇಕು. ಮೊನ್ನೆ ಒಬ್ಬ ಹುಡುಗ ಐಆರ್‌ಎಫ್540ಎನ್ ಅನ್ನೋ ಮಾಸ್ಫೆಟ್ಟಿನ (ಇಂಥಾ ಒಂದು ಸ್ವಿಚ್) ಗೇಟಿಗೆ, ಅಂದ್ರ ಅದನ್ನ ತೆರಿಯೋ ಕಾಲಿಗೆ, ಆರ್ಡುಯಿನೋ ಅನ್ನೋ ಸಣ್ಣ ಕಂಟ್ರೋಲ್ ಬೋರ್ಡಿನ 5 ವೋಲ್ಟ್ ಸೀದಾ ಕೊಟ್ಟು, ಬಿಸಿ ಹೊರಗ ಹಾಕೋ ಹೀಟ್‌ಸಿಂಕ್ ಮುಟ್ಟಿ, ಚುರ್ ಅಂತ ಕೈ ಹಿಂದಕ್ಕ ಎಳಕೊಂಡ. ಡೇಟಾಶೀಟಿನಾಗ ಆನ್ ಇದ್ದಾಗಿನ ರೆಸಿಸ್ಟನ್ಸ್ 44 ಮಿಲಿಓಮ್ ಅಂತ ಇರೋದು ಗೇಟಿಗೆ 10 ವೋಲ್ಟ್ ಇದ್ದಾಗಿನ ಲೆಕ್ಕ, 5 ವೋಲ್ಟಿಗೆ ಅದು ಪೂರ್ತಿ ತೆರಿಯಂಗಿಲ್ಲ. ಪೂರ್ತಿ ತೆರದ್ರ 5 ಆಂಪಿಗೆ 1.1 ವ್ಯಾಟ್ ಬಿಸಿ, ಅರೆತೆರದು ಮೈಮ್ಯಾಲ 4 ವೋಲ್ಟ್ ಉಳೀತು ಅಂದ್ರ 20 ವ್ಯಾಟ್!

ಸ್ವಿಚ್ ಆನ್‌ನಿಂದ ಆಫ್‌ಗೆ ಹೋಗೋವಾಗೂ ಈ ಅರೆಸ್ಥಿತಿ ದಾಟೇ ಹೋಗಬೇಕು, ಸೆಕೆಂಡಿಗೆ ಸಾವಿರಾರು ಸಲ. ಅದನ್ನ ಹೆಂಗ ಕಮ್ಮಿ ಮಾಡೋದು ಅನ್ನೋದ್ರಾಗನ ರಿಸರ್ಚ್ ತುಂಬೇದ. ಸಿಲಿಕಾನ್ ಬ್ಯಾಂಡ್‌ಗ್ಯಾಪ್ (ಇಲೆಕ್ಟ್ರಾನ್ ಬಿಡಿಸಿ ಹರಿಯಬಿಡಾಕ ಬೇಕಾದ ಶಕ್ತಿ) 1.12 ಇಲೆಕ್ಟ್ರಾನ್ ವೋಲ್ಟ್, ಸಿಲಿಕಾನ್ ಕಾರ್ಬೈಡಿಂದು ಸುಮಾರು 3.26, ಹಿಂಗಾಗಿ ತೆಳು ಪದರನೂ ಹೆಚ್ಚು ವೋಲ್ಟೇಜ್ ತಡೀತದ, ಸ್ವಿಚ್ಚೂ ಲಗೂನ ಆಗ್ತದ.

ಇಂಥಾದ್ದಕ್ಕ ಬೆಂಗಳೂರಿಗೆ ಮನಿ ಬದಲಿಸಬೇಕಿಲ್ಲ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಫೈನಲ್ ಇಯರ್ ಪ್ರಾಜೆಕ್ಟಿಗೆ ಕಾಲೇಜ್ ಮೂಲಕ ರೊಕ್ಕ ಕೊಡ್ತದ, ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬ್ಯಾಸಗಿಗೆ ಎರಡು ತಿಂಗಳ ಫೆಲೋಶಿಪ್ ಕೊಡ್ತಾವ. ಆ ಹುಡುಗಗ ಹೇಳೀನಿ, ಗೇಟ್ ಡ್ರೈವರ್ (ಗೇಟಿಗೆ ಬೇಕಾದಷ್ಟು ವೋಲ್ಟ್ ಕೊಡೋ ಸರ್ಕೀಟು) ಹಾಕೋಕ್ಕಿಂತ ಮೊದ್ಲು ಹೀಟ್‌ಸಿಂಕ್ ಎಷ್ಟು ಡಿಗ್ರಿ ಇತ್ತು, ಹಾಕಿದ ಮ್ಯಾಲ ಎಷ್ಟು, ಅಳದು ಅರ್ಜಿಯಾಗ ಬರಿ, ರಿಪೋರ್ಟಿನ ಆ ಮೊದಲನೇ ಸಾಲು ಹೊಡದು ಹಾಕು ಅಂತ.