ಅಮೆರಿಕದಲ್ಲಿ ಎರಡೂ ಪಕ್ಷ ಮಧ್ಯಮ ವರ್ಗದ ಪರ ಅಂತಾವೆ, ಮತ್ತೆ ತೆರಿಗೆಗೆ ಇಷ್ಟು ಜಗಳ ಯಾಕೆ?

ಓದುಗರ ಪ್ರಶ್ನೆ: ಅಮೆರಿಕದ ಚುನಾವಣೆ ಸುದ್ದಿ ನೋಡುವಾಗ ಒಂದು ವಿಷಯ ತಲೆಗೆ ಹತ್ತುವುದಿಲ್ಲ. ರಿಪಬ್ಲಿಕನ್ನರು ತೆರಿಗೆ ಇಳಿಸಿ, ಸರ್ಕಾರಿ ನೌಕರರನ್ನು ಕಡಿಮೆ ಮಾಡಿ ಅಂತಾರೆ. ಡೆಮಾಕ್ರಾಟರು ಶ್ರೀಮಂತರಿಗೆ ತೆರಿಗೆ ಹಾಕಿ, ಸರ್ಕಾರಿ ಕೆಲಸ ಉಳಿಸಿ ಅಂತಾರೆ. ಇಬ್ಬರೂ ಇದೆಲ್ಲ ಮಧ್ಯಮ ವರ್ಗಕ್ಕೋಸ್ಕರ ಅಂತಾನೇ ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಮಧ್ಯಮ ವರ್ಗಕ್ಕೆ ಒಳ್ಳೆಯದಾಗಬೇಕು ಅನ್ನುವುದರಲ್ಲಿ ಜಗಳ ಇಲ್ಲ. ಅದಕ್ಕೆ ದುಡ್ಡು ಎಲ್ಲಿಂದ ಬರಬೇಕು ಅನ್ನುವಲ್ಲಿ ಜಗಳ. ಆದರೆ ಒಂದು ಭರವಸೆಯನ್ನು ಇಬ್ಬರೂ ಕೊಟ್ಟಿದ್ದಾರೆ: "ನಿಮ್ಮ ಜೇಬಿಗೆ ಕೈ ಹಾಕಲ್ಲ." ನನ್ನ ಪ್ರಕಾರ ಅಸಲಿ ತೊಂದರೆ ಈ ಭರವಸೆಯಲ್ಲೇ ಇದೆ.

ಮೊದಲು ಮಧ್ಯಮ ವರ್ಗ ಅಂದರೆ ಯಾರು ಅಂತ ನೋಡೋಣ. ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ. ಪ್ಯೂ ಸಂಶೋಧನಾ ಸಂಸ್ಥೆಯ ಲೆಕ್ಕ ಹೀಗಿದೆ. ದೇಶದ ಎಲ್ಲ ಕುಟುಂಬಗಳ ಆದಾಯವನ್ನು ಸಾಲಾಗಿ ಬರೆದರೆ ಸರಿಯಾಗಿ ನಡುವೆ ಒಂದು ಆದಾಯ ಸಿಗುತ್ತದೆ. ಅದರ ಮೂರನೇ ಎರಡು ಭಾಗದಿಂದ ಹಿಡಿದು ಎರಡರಷ್ಟರವರೆಗೆ ಗಳಿಸುವವರು ಮಧ್ಯಮ ವರ್ಗ. 2023ರಲ್ಲಿ ಆ ನಡು ಆದಾಯ ವರ್ಷಕ್ಕೆ ಸುಮಾರು 80,600 ಡಾಲರ್. ಅಂದರೆ ಹೆಚ್ಚುಕಮ್ಮಿ 54,000ದಿಂದ 1,61,000 ಡಾಲರ್ ಗಳಿಸುವ ಮನೆಗಳು. ಈ ಲೆಕ್ಕದ ಪ್ರಕಾರ 1971ರಲ್ಲಿ ಶೇ. 61ರಷ್ಟು ಜನ ಮಧ್ಯಮ ವರ್ಗದಲ್ಲಿದ್ದರು. 2023ಕ್ಕೆ ಅದು ಶೇ. 51. ರಾಜಕಾರಣಿಗಳ ಗೆರೆ ಇನ್ನೂ ಮೇಲಿದೆ. 2,50,000 ಡಾಲರ್‌ಗಿಂತ ಕಡಿಮೆ ಗಳಿಸುವ ಕುಟುಂಬಕ್ಕೆ ತೆರಿಗೆ ಏರಿಸುವುದಿಲ್ಲ ಅಂತ ಒಬಾಮ 2008ರಲ್ಲಿ ಮಾತು ಕೊಟ್ಟರು. ಬೈಡನ್ 2020ರಲ್ಲಿ ಆ ಗೆರೆಯನ್ನು 4,00,000 ಡಾಲರ್‌ಗೆ ಒಯ್ದರು. ಅಲ್ಲಿಗೆ ಹತ್ತಿರ ಹತ್ತಿರ ಇಡೀ ದೇಶ ಗೆರೆಯ ಒಳಗೆ ಬಂತು.

ಈಗ ಒಂದು ಮನೆಯ ಲೆಕ್ಕವನ್ನೇ ಬಿಡಿಸಿ ನೋಡೋಣ. ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಇಬ್ಬರ ಸಂಬಳ ಸೇರಿ ವರ್ಷಕ್ಕೆ 80,000 ಡಾಲರ್. 2024ರ ನಿಯಮದಂತೆ ಮೊದಲ 29,200 ಡಾಲರ್‌ಗೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಉಳಿದದ್ದು 50,800. ಅದಕ್ಕೆ ಶೇ. 10 ಮತ್ತು ಶೇ. 12ರ ಹಂತದಲ್ಲಿ ಲೆಕ್ಕ ಹಾಕಿದರೆ 5,632 ಡಾಲರ್ ಆಗುತ್ತದೆ. ಮಕ್ಕಳಿಗಾಗಿ ತಲಾ 2,000 ಡಾಲರ್ ರಿಯಾಯಿತಿ ಇದೆ. ಅದನ್ನು ಕಳೆದರೆ ಕಟ್ಟಬೇಕಾದದ್ದು ಬರೀ 1,632 ಡಾಲರ್. ಆದರೆ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಮತ್ತು ವಯಸ್ಸಾದವರ ಮೆಡಿಕೇರ್ ಆರೋಗ್ಯ ವಿಮೆಗೆ ಅಂತ ಸಂಬಳದಲ್ಲೇ ಶೇ. 7.65 ಹಿಡಿಯುತ್ತಾರೆ. ಅದು ಮೊದಲ ಡಾಲರ್‌ನಿಂದಲೇ ಶುರು, ರಿಯಾಯಿತಿ ಇಲ್ಲ. ಈ ಮನೆಗೆ ಅದು 6,120 ಡಾಲರ್. ಆದಾಯ ತೆರಿಗೆಯ ಮೂರು ಪಟ್ಟಿಗಿಂತ ಜಾಸ್ತಿ! ಇನ್ನೊಂದು 6,120ನ್ನು ಕೆಲಸ ಕೊಟ್ಟವರು ಕಟ್ಟುತ್ತಾರೆ.

ಇದರಲ್ಲಿ ಶೇ. 6.2 ಪಿಂಚಣಿ ಪಾಲು. 2024ರಲ್ಲಿ 1,68,600 ಡಾಲರ್‌ವರೆಗಿನ ಸಂಬಳಕ್ಕೆ ಮಾತ್ರ ಅದು ಅನ್ವಯ. ಅದಕ್ಕಿಂತ ಮೇಲೆ ಎಷ್ಟೇ ಸಂಬಳ ಬರಲಿ, ಈ ಪಾಲು ಅಲ್ಲಿಗೇ ನಿಲ್ಲುತ್ತದೆ. ಟಿವಿಯಲ್ಲಿ ಗಂಟೆಗಟ್ಟಲೆ ನಡೆಯುವ ಚರ್ಚೆ ಆದಾಯ ತೆರಿಗೆಯದ್ದು. ಇಂಥ ಮನೆಯ ಸಂಬಳಕ್ಕೆ ನಿಜವಾಗಿ ಕತ್ತರಿ ಹಾಕುವ ತೆರಿಗೆ ಬೇರೆ. ಆ ದೇಶದ ತೆರಿಗೆ ಜಗಳ ಅರ್ಥವಾಗಬೇಕಾದರೆ ಇದೊಂದು ನೆನಪಿದ್ದರೆ ಸಾಕು ಅಂತ ನನಗನ್ನಿಸುತ್ತದೆ.

ಪಕ್ಷಗಳು ಯಾವಾಗಲೂ ಹೀಗೇ ಇದ್ದವಾ? ಇಲ್ಲ. ಕೇಂದ್ರ ಸರ್ಕಾರ ಆದಾಯ ತೆರಿಗೆ ಹಾಕಲು ದಾರಿ ಆದದ್ದು 1913ರಲ್ಲಿ, ಸಂವಿಧಾನದ 16ನೇ ತಿದ್ದುಪಡಿಯಿಂದ. 1950ರ ದಶಕದಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ ಅತಿ ಮೇಲಿನ ಹಂತದ ದರ ಶೇ. 91 ಇತ್ತು. ಅವರು ರಿಪಬ್ಲಿಕನ್. ಅದನ್ನು ಶೇ. 70ಕ್ಕೆ ಇಳಿಸುವ ಕಾನೂನು ಬಂದದ್ದು 1964ರಲ್ಲಿ. ಕೆನಡಿ ಮುಂದಿಟ್ಟ ಯೋಜನೆ, ಜಾನ್ಸನ್ ಸಹಿ. ಇಬ್ಬರೂ ಡೆಮಾಕ್ರಾಟರು. ಆಗ ರಿಪಬ್ಲಿಕನ್ನರಿಗೆ ಲೆಕ್ಕ ಸರಿದೂಗುವುದೇ ಮುಖ್ಯವಾಗಿತ್ತು.

1970ರ ದಶಕದ ಬೆಲೆ ಏರಿಕೆ ಎಲ್ಲ ತಲೆಕೆಳಗು ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಮನೆಗಳ ಬೆಲೆ ಏರಿದ ಹಾಗೆ ಮನೆ ತೆರಿಗೆಯೂ ಏರಿತು, ಸಂಬಳ ಅಷ್ಟು ಏರಲಿಲ್ಲ. 1978ರಲ್ಲಿ ಜನರೇ ಮತ ಹಾಕಿ ಪ್ರಸ್ತಾವ 13 ಅನ್ನು ಗೆಲ್ಲಿಸಿ, ಮನೆ ತೆರಿಗೆಗೆ ಬೆಲೆಯ ಶೇ. 1ರ ಮಿತಿ ಹಾಕಿದರು. ಮತ ಹಾಕಿದವರಲ್ಲಿ ಶ್ರೀಮಂತರಷ್ಟೇ ಇರಲಿಲ್ಲ. ಸ್ವಂತ ಮನೆ ಇದ್ದ ಸಾಮಾನ್ಯರೂ ಇದ್ದರು, ಅವರ ಕಷ್ಟವೂ ನಿಜವೇ. ಆ ಸಿಟ್ಟನ್ನು ರಿಪಬ್ಲಿಕನ್ ಅಧ್ಯಕ್ಷ ರೇಗನ್ ರಾಷ್ಟ್ರಮಟ್ಟಕ್ಕೆ ತಂದರು. ಶೇ. 70 ಇದ್ದ ಮೇಲಿನ ದರ ಅವರ ಕಾಲದಲ್ಲಿ ಮೊದಲು 50ಕ್ಕೆ, ಆಮೇಲೆ 28ಕ್ಕೆ ಇಳಿಯಿತು. 1986ರಿಂದ ರಿಪಬ್ಲಿಕನ್ ಅಭ್ಯರ್ಥಿಗಳು "ತೆರಿಗೆ ಏರಿಸಲ್ಲ" ಅನ್ನುವ ಪ್ರತಿಜ್ಞೆ ಪತ್ರಕ್ಕೆ ಸಹಿ ಹಾಕುವುದು ರೂಢಿಯಾಯಿತು. 1993ರಲ್ಲಿ ಕ್ಲಿಂಟನ್ ತೆರಿಗೆ ಏರಿಸಿದಾಗ ಒಬ್ಬ ರಿಪಬ್ಲಿಕನ್ ಕೂಡ ಪರವಾಗಿ ಮತ ಹಾಕಲಿಲ್ಲ. 2017ರಲ್ಲಿ ಟ್ರಂಪ್ ಇಳಿಸಿದಾಗ ಒಬ್ಬ ಡೆಮಾಕ್ರಾಟ್ ಕೂಡ ಹಾಕಲಿಲ್ಲ. 2025ರಲ್ಲೂ ಅದೇ ಕತೆ.

ರಿಪಬ್ಲಿಕನ್ನರ ವಾದವನ್ನು ನ್ಯಾಯವಾಗಿ ಹೇಳುವುದಾದರೆ ಹೀಗೆ: ದುಡ್ಡು ದುಡಿದವರ ಕೈಯಲ್ಲೇ ಇದ್ದರೆ ವ್ಯಾಪಾರ ಬೆಳೆಯುತ್ತದೆ, ಕೆಲಸ ಹುಟ್ಟುತ್ತದೆ. 2017ರ ಕಾನೂನಿನಿಂದ ಮಧ್ಯಮ ವರ್ಗಕ್ಕೂ ಲಾಭ ಆಯಿತು ಅನ್ನುವುದು ನಿಜ. ಮೇಲೆ ಹೇಳಿದ ಮನೆಗೆ ಸಿಕ್ಕ ಮಕ್ಕಳ ರಿಯಾಯಿತಿ ಮೊದಲು ತಲಾ 1,000 ಇತ್ತು, ಆ ಕಾನೂನು 2,000 ಮಾಡಿತು. ಆದರೆ ಕಂಪನಿಗಳ ತೆರಿಗೆಯನ್ನು ಶೇ. 35ರಿಂದ 21ಕ್ಕೆ ಶಾಶ್ವತವಾಗಿ ಇಳಿಸಿ, ಜನರ ರಿಯಾಯಿತಿಗೆ ಮಾತ್ರ 2025ರ ಕೊನೆಯ ಗಡುವು ಇಟ್ಟಿದ್ದರು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನು ಅದರಲ್ಲಿ ಬಹುಪಾಲನ್ನು ಕಾಯಂ ಮಾಡಿತು. ಜೊತೆಗೆ ಬಡವರ ಆರೋಗ್ಯ ಯೋಜನೆ ಮೆಡಿಕೇಡ್‌ನ ಖರ್ಚನ್ನೂ ಕತ್ತರಿಸಿತು. ಇಷ್ಟಾದರೂ ಹತ್ತು ವರ್ಷದಲ್ಲಿ ಕೊರತೆ 3.4 ಲಕ್ಷ ಕೋಟಿ ಡಾಲರ್ ಹೆಚ್ಚುತ್ತದೆ ಅಂತ ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿತು.

ತೆರಿಗೆ ಇಳಿಸಿದರೆ ಬೆಳವಣಿಗೆಯೇ ಆ ನಷ್ಟ ತುಂಬುತ್ತದೆ ಅನ್ನುವ ಮಾತಿಗೆ ಕ್ಯಾನ್ಸಸ್ ರಾಜ್ಯದ ಅನುಭವ ನೋಡಿ. 2012ರಲ್ಲಿ ರಿಪಬ್ಲಿಕನ್ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ರಾಜ್ಯದ ಆದಾಯ ತೆರಿಗೆಯನ್ನು ಭಾರಿಯಾಗಿ ಇಳಿಸಿದರು. ತಮ್ಮ ಹೆಸರಲ್ಲೇ ಲಾಭ ತೋರಿಸುವ ಸಣ್ಣ ಸಂಸ್ಥೆಗಳ ಮಾಲೀಕರಿಗೆ ತೆರಿಗೆಯನ್ನೇ ತೆಗೆದುಹಾಕಿದರು. ರಾಜ್ಯದ ವರಮಾನ ಕುಸಿಯಿತು, ಹೇಳಿದಷ್ಟು ಬೆಳವಣಿಗೆ ಬರಲಿಲ್ಲ. 2015ರಲ್ಲಿ ದುಡ್ಡಿಲ್ಲದೆ ಕೆಲವು ಕಡೆ ಶಾಲೆಗಳನ್ನು ವರ್ಷ ಮುಗಿಯುವ ಮೊದಲೇ ಮುಚ್ಚಿದರು. ಅದೇ ವರ್ಷ ಮಾರಾಟ ತೆರಿಗೆಯನ್ನು ಶೇ. 6.15ರಿಂದ 6.5ಕ್ಕೆ ಏರಿಸಿದರು. ದಿನಸಿಗೂ ಅದೇ ದರ! ಮಾಲೀಕರಿಗೆ ತೆರಿಗೆ ಇಲ್ಲ, ಅವರ ಹತ್ತಿರ ಸಂಬಳಕ್ಕಿರುವವರು ಹಾಲು, ಮೊಟ್ಟೆಗೂ ಜಾಸ್ತಿ ಕೊಡಬೇಕು. 2017ರಲ್ಲಿ ಇದನ್ನು ರದ್ದು ಮಾಡಿದ್ದು ರಿಪಬ್ಲಿಕನ್ನರೇ ಹೆಚ್ಚಿದ್ದ ಶಾಸನಸಭೆ, ಅದೂ ಗವರ್ನರ್ ತಡೆಯನ್ನು ಮೀರಿ.

ಇನ್ನು ಸರ್ಕಾರಿ ಕೆಲಸ. ಸರ್ಕಾರಿ ನೌಕರರು ಅಂದ ಕೂಡಲೇ ವಾಷಿಂಗ್ಟನ್‌ನಲ್ಲಿ ಕೂತವರು ಅಂತ ಭಾಷಣಗಳಲ್ಲಿ ಚಿತ್ರ ಕಟ್ಟುತ್ತಾರೆ. ಕೇಂದ್ರದ ನಾಗರಿಕ ನೌಕರರು 2025ರ ಆರಂಭದಲ್ಲಿ ಸುಮಾರು 23 ಲಕ್ಷ ಇದ್ದರು, ಅಂಚೆಯವರನ್ನು ಬಿಟ್ಟು. ಅವರಲ್ಲಿ ಶೇ. 80ರಷ್ಟು ಜನ ಕೆಲಸ ಮಾಡುತ್ತಿದ್ದದ್ದು ರಾಜಧಾನಿಯಿಂದ ಹೊರಗೆ. ದೊಡ್ಡ ಪಾಲು ರಕ್ಷಣಾ ಇಲಾಖೆ ಮತ್ತು ಮಾಜಿ ಸೈನಿಕರ ಆಸ್ಪತ್ರೆಗಳದ್ದು. ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಲ್ಲಿ ಇರುವವರು ಸುಮಾರು 2 ಕೋಟಿ, ಅದರಲ್ಲಿ ಶಾಲೆ ಕಾಲೇಜುಗಳಲ್ಲಿ ದುಡಿಯುವವರೇ ಹೆಚ್ಚು. ಮೇಷ್ಟ್ರು, ನರ್ಸು, ಅಗ್ನಿಶಾಮಕ ಸಿಬ್ಬಂದಿ ಇವರೆಲ್ಲ ತಾವೇ ಮಧ್ಯಮ ವರ್ಗ. ಅದರಲ್ಲೂ ಕರಿಯ ಜನರಿಗೆ ಖಾಸಗಿ ಕಂಪನಿಗಳು ಬಾಗಿಲು ಹಾಕಿದ್ದ ಕಾಲದಲ್ಲಿ ಅಂಚೆ ಕಚೇರಿಯಂಥ ಸರ್ಕಾರಿ ಕೆಲಸ ಒಂದು ತಲೆಮಾರಿಗೆ ಮನೆ ಕೊಡಿಸಿತು, ಮಕ್ಕಳನ್ನು ಓದಿಸಿತು. ಈ ಕೆಲಸಗಳನ್ನು ಕತ್ತರಿಸುವುದನ್ನು ಬರೀ ಉಳಿತಾಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಉಳಿತಾಯ ಕೂಡ ಅಷ್ಟೇನೂ ದೊಡ್ಡದಲ್ಲ. ಕೇಂದ್ರದ ನಾಗರಿಕ ನೌಕರರ ಸಂಬಳ, ಸವಲತ್ತು ಎಲ್ಲ ಸೇರಿ ಒಟ್ಟು ಖರ್ಚಿನ ಶೇ. 5ಕ್ಕಿಂತ ಕಡಿಮೆ. 2025ರಲ್ಲಿ ಟ್ರಂಪ್ ಸರ್ಕಾರದ ಸ್ವಯಂ ರಾಜೀನಾಮೆ ಯೋಜನೆ ಒಪ್ಪಿ ಒಂದೂವರೆ ಲಕ್ಷದಷ್ಟು ಜನ ಹೊರಟರು, ಬಹುತೇಕರಿಗೆ ಸೆಪ್ಟೆಂಬರ್‌ವರೆಗೆ ಸಂಬಳ ನಡೆಯಿತು. ಆ ಹಣಕಾಸು ವರ್ಷದ ಒಟ್ಟು ಖರ್ಚು ಹಿಂದಿನ ವರ್ಷಕ್ಕಿಂತ ಹೆಚ್ಚೇ ಆಯಿತು. ದುಡ್ಡು ಹೋಗುವುದು ಪಿಂಚಣಿ, ಆರೋಗ್ಯ, ಸೈನ್ಯ ಮತ್ತು ಸಾಲದ ಬಡ್ಡಿಗೆ. ಅದರಲ್ಲಿ ಪಿಂಚಣಿ, ಮೆಡಿಕೇರ್ ಮುಟ್ಟುತ್ತೇನೆ ಅಂತ ಮತ ಕೇಳುವ ಧೈರ್ಯ ಯಾರಿಗೂ ಇಲ್ಲ.

ಆದರೂ ಸರ್ಕಾರಿ ನೌಕರರ ಮೇಲಿನ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ. ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್ ಊರಿನಲ್ಲಿ 2008ರ ಡಿಸೆಂಬರ್‌ನಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಎಸ್‌ಯುವಿ ಕಾರುಗಳ ತಯಾರಿಕೆ ನಿಂತಿತು. ಸಾವಿರಾರು ಒಳ್ಳೆಯ ಸಂಬಳದ ಕೆಲಸ ಹೋದವು. ಅದೇ ಊರಿನ ಶಾಲೆಯ ಶಿಕ್ಷಕರಿಗೆ ಪಿಂಚಣಿ ಇತ್ತು, ಆರೋಗ್ಯ ವಿಮೆ ಇತ್ತು. ಕೆಲಸ ಕಳೆದುಕೊಂಡವನು ತನ್ನ ಮನೆ ತೆರಿಗೆಯಿಂದ ಪಕ್ಕದ ಮನೆಯವರ ಭದ್ರತೆಗೆ ದುಡ್ಡು ಕಟ್ಟಬೇಕು, ಆ ಭದ್ರತೆ ತನಗೇ ಇಲ್ಲ. ಹೊಟ್ಟೆ ಉರಿಯದೇ ಇರುತ್ತಾ? 2011ರಲ್ಲಿ ರಿಪಬ್ಲಿಕನ್ ಗವರ್ನರ್ ಸ್ಕಾಟ್ ವಾಕರ್ ಬಹುತೇಕ ಸರ್ಕಾರಿ ನೌಕರರ ಸಂಘಗಳ ಚೌಕಾಸಿ ಹಕ್ಕನ್ನು ಮೂಲ ಸಂಬಳಕ್ಕಷ್ಟೇ ಸೀಮಿತ ಮಾಡಿದರು. ಪಿಂಚಣಿ ಮತ್ತು ವಿಮೆಗೆ ಅವರೂ ಕೈಯಿಂದ ಕಟ್ಟುವಂತೆ ಮಾಡಿದರು. ರಾಜ್ಯದ ರಾಜಧಾನಿ ಮ್ಯಾಡಿಸನ್‌ನ ಶಾಸನಸಭೆ ಕಟ್ಟಡವನ್ನು ಪ್ರತಿಭಟನಾಕಾರರು ತುಂಬಿಕೊಂಡರು. ಮತ ನಡೆಯಬಾರದು ಅಂತ 14 ಡೆಮಾಕ್ರಾಟ್ ಸೆನೆಟರ್‌ಗಳು ಪಕ್ಕದ ಇಲಿನಾಯ್‌ಗೆ ಹೊರಟುಹೋದರು. 2012ರಲ್ಲಿ ವಾಕರ್ ಅವರನ್ನು ಅವಧಿ ಮುಗಿಯುವ ಮೊದಲೇ ಹುದ್ದೆಯಿಂದ ಇಳಿಸಲು ಚುನಾವಣೆ ನಡೆಯಿತು, ಅವರೇ ಗೆದ್ದರು. ಅಲ್ಲಿ ಎರಡೂ ಕಡೆ ನಿಂತಿದ್ದವರು ಮಧ್ಯಮ ವರ್ಗದವರು. ಒಬ್ಬರದು ಹೋಗಿತ್ತು, ಇನ್ನೊಬ್ಬರದು ಉಳಿದಿತ್ತು. ಹೋದದ್ದನ್ನು ವಾಪಸ್ ತರುತ್ತೇವೆ ಅಂತ ಹೇಳುವುದಕ್ಕಿಂತ ಉಳಿದದ್ದನ್ನು ಕಸಿಯುವುದು ರಾಜಕೀಯವಾಗಿ ಸುಲಭವಾಯಿತು. ಅದು ನನಗೆ ಬೇಸರ ತರುವ ವಿಷಯ.

ಹಾಗಾದರೆ ಯಾರ ಮಾತು ಸರಿ? ತೆರಿಗೆ ಕಡಿತ ತನ್ನ ಖರ್ಚನ್ನು ತಾನೇ ತುಂಬುತ್ತದೆ ಅನ್ನುವ ರಿಪಬ್ಲಿಕನ್ ಮಾತು ತಪ್ಪು. ಕ್ಯಾನ್ಸಸ್ ಅದಕ್ಕೆ ಸಾಕ್ಷಿ. ಶ್ರೀಮಂತರ ಪಾಲು ಹೆಚ್ಚಬೇಕು ಅನ್ನುವ ಡೆಮಾಕ್ರಾಟ್ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ 4,00,000 ಡಾಲರ್‌ಗಿಂತ ಕೆಳಗಿನ ಯಾರನ್ನೂ ಮುಟ್ಟದೆ ಯುರೋಪಿನಂಥ ಸೌಲಭ್ಯ ಕೊಡುತ್ತೇವೆ ಅನ್ನುವುದು ಲೆಕ್ಕಕ್ಕೆ ಕೂರುವುದಿಲ್ಲ. ಯುರೋಪಿನ ದೇಶಗಳು ಆ ದುಡ್ಡಿನ ದೊಡ್ಡ ಭಾಗವನ್ನು ಮೌಲ್ಯವರ್ಧಿತ ತೆರಿಗೆಯಿಂದ, ಅಂದರೆ ಎಲ್ಲರಿಂದಲೂ ಪಡೆಯುತ್ತವೆ. ಅಮೆರಿಕದಲ್ಲಿ ಕೇಂದ್ರ ಮಟ್ಟದಲ್ಲಿ ಅಂಥ ತೆರಿಗೆಯೇ ಇಲ್ಲ.

ಇಬ್ಬರ ಭರವಸೆಗೂ ಪರೀಕ್ಷೆ ಹತ್ತಿರವೇ ಇದೆ. ಸೋಶಿಯಲ್ ಸೆಕ್ಯುರಿಟಿಯ ನಿವೃತ್ತಿ ನಿಧಿ 2033ರ ಹೊತ್ತಿಗೆ ಬರಿದಾಗುತ್ತದೆ ಅಂತ ಅದರ ಟ್ರಸ್ಟಿಗಳ 2025ರ ವರದಿ ಹೇಳಿದೆ. ಆಮೇಲೆ ಬರುವ ತೆರಿಗೆಯಿಂದ ಪಿಂಚಣಿಯ ಶೇ. 77ರಷ್ಟು ಮಾತ್ರ ಕೊಡಲು ಆಗುತ್ತದೆ. 1983ರಲ್ಲೂ ಇಂಥದೇ ಸ್ಥಿತಿ ಬಂದಿತ್ತು. ಆಗ ರೇಗನ್ ಮತ್ತು ಡೆಮಾಕ್ರಾಟ್ ಸ್ಪೀಕರ್ ಟಿಪ್ ಓನೀಲ್ ಒಪ್ಪಂದಕ್ಕೆ ಬಂದರು. ಸಂಬಳದ ತೆರಿಗೆ ಏರಿಕೆ ಬೇಗ ಜಾರಿಯಾಯಿತು. ಪಿಂಚಣಿಯ ಒಂದು ಭಾಗಕ್ಕೂ ತೆರಿಗೆ ಬಂತು. ಪೂರ್ತಿ ಪಿಂಚಣಿಯ ವಯಸ್ಸನ್ನು 65ರಿಂದ ನಿಧಾನವಾಗಿ 67ಕ್ಕೆ ಏರಿಸಲು ಒಪ್ಪಿದರು. ಎಲ್ಲರಿಗೂ ಸ್ವಲ್ಪ ಸ್ವಲ್ಪ ನೋವಾಯಿತು, ಎರಡೂ ಪಕ್ಷದವರು ಅದಕ್ಕೆ ಮತ ಹಾಕಿದರು.