ರಕ್ತ ಬರಲಿ ಅಂತ ಕಾಯುವ ಚಿಕಿತ್ಸೆ

ಒಂಬತ್ತು ವರ್ಷದ ಹುಡುಗ. ಎಂಟು ತಿಂಗಳ ಹಿಂದೆ ಮೆಟ್ಟಿಲ ಮೇಲೆ ಬಿದ್ದು ಮೇಲಿನ ಮುಂದಿನ ಹಲ್ಲಿಗೆ ಪೆಟ್ಟಾಗಿತ್ತು. ನೋವಿಲ್ಲವಲ್ಲ ಅಂತ ಸುಮ್ನೆ ಬಿಟ್ಟಿದ್ದರು. ಈಗ ವಸಡಿನಲ್ಲಿ ಕೀವಿನ ಗುಳ್ಳೆ.

“ರೂಟ್ ಕೆನಾಲ್ ಮಾಡಿಬಿಡಿ ಡಾಕ್ಟ್ರೇ,” ಅಂದರು ತಾಯಿ.

ಎಕ್ಸ್‌ರೇ ತೋರಿಸಿದೆ. ದೊಡ್ಡವರ ಹಲ್ಲಿನ ಬೇರು ತುದಿಗೆ ಬರುತ್ತಾ ಕಿರಿದಾಗುತ್ತದೆ. ಇವನದು ಕೊಳವೆಯಂತೆ ತೆರೆದಿತ್ತು, ಗೋಡೆಯೂ ತೆಳ್ಳಗೆ. ಈ ಹಲ್ಲು ಏಳೆಂಟು ವರ್ಷಕ್ಕೆ ಹುಟ್ಟಿದರೂ ಬೇರು ಪೂರ್ತಿಯಾಗಲು ಇನ್ನೂ ಸುಮಾರು 3 ವರ್ಷ ಬೇಕು. ಅಷ್ಟರೊಳಗೆ ಹಲ್ಲಿನೊಳಗಿನ ತಿರುಳು, ಅಂದರೆ ನರ-ರಕ್ತನಾಳ ಇರುವ ಮೆದು ಭಾಗ, ಸತ್ತರೆ ಬೇರಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಮಾಮೂಲಿ ರೂಟ್ ಕೆನಾಲ್‌ನಲ್ಲಿ ತುಂಬುವ ವಸ್ತು ತಡೆಯಿಲ್ಲದೆ ಆಚೆ ಜಾರಿಬಿಡುತ್ತದೆ. ಎಂಟಿಎ ಎಂಬ ಹಲ್ಲಿನ ಸಿಮೆಂಟಿನಿಂದ ತುದಿ ಮುಚ್ಚಬಹುದು, ಆದರೆ ಗೋಡೆ ತೆಳ್ಳಗೇ ಉಳಿಯುತ್ತದೆ. ಅಂಥ ಹಲ್ಲು ವಸಡಿನ ಹತ್ತಿರ ಮುರಿಯುವ ಭಯ ಜಾಸ್ತಿ.

ಇನ್ನೊಂದು ದಾರಿ ಇದೆ: ಬೇರಿನೊಳಗೆ ರಕ್ತ ಬರಿಸಿ, ಬೇರು ಮತ್ತೆ ಬೆಳೆಯಲು ಅವಕಾಶ ಕೊಡುವುದು. 2001 ಮತ್ತು 2004ರಲ್ಲಿ ಪ್ರಕಟವಾದ ಎರಡು ಕೇಸುಗಳ ನಂತರ ಇದಕ್ಕೆ ಬಲ ಬಂತು. ಮೊದಲ ಭೇಟಿಯಲ್ಲಿ ಗೋಡೆ ಕೆರೆಯದೆ, ಕ್ರಿಮಿ ಕೊಲ್ಲುವ ತೆಳು ಹೈಪೋಕ್ಲೋರೈಟ್ ದ್ರಾವಣದಿಂದ ನಿಧಾನವಾಗಿ ತೊಳೆದು ಔಷಧ ಇಡುತ್ತೇವೆ. ಮೂರು ಆ್ಯಂಟಿಬಯೋಟಿಕ್ ಸೇರಿಸಿದ ಪೇಸ್ಟ್ ಇದೆ. ಅದರಲ್ಲಿರುವ ಮಿನೋಸೈಕ್ಲಿನ್ ಹಲ್ಲನ್ನು ಕಪ್ಪಾಗಿಸುತ್ತದೆ. ನಗುವಾಗ ಕಾಣುವ ಹಲ್ಲು ಅಲ್ವಾ, ಹಾಗಾಗಿ ನಾನು ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನೇ ಇಟ್ಟೆ.

ಮೂರು ವಾರಕ್ಕೆ ಗುಳ್ಳೆ ಇಳಿದಿತ್ತು. ಈ ಸಲ ಅಡ್ರಿನಲಿನ್ ಇಲ್ಲದ ಮರಗಟ್ಟಿಸುವ ಇಂಜೆಕ್ಷನ್. ಅಡ್ರಿನಲಿನ್ ಇದ್ದರೆ ರಕ್ತನಾಳ ಕುಗ್ಗುತ್ತದೆ, ನಮಗೆ ಬೇಕಾದ್ದೇ ರಕ್ತ. ಇಡಿಟಿಎ ಎಂಬ ದ್ರಾವಣದಿಂದ (17%) ತೊಳೆದು, ಸೂಜಿಯಂಥ ಸಣ್ಣ ಫೈಲನ್ನು ಬೇರಿನ ತುದಿಯಿಂದ 2 ಮಿ.ಮೀ. ಆಚೆ ದಾಟಿಸಿದೆ. ದಿನವಿಡೀ ರಕ್ತ ನಿಲ್ಲಿಸುವುದೇ ನಮ್ಮ ಕೆಲಸ, ಇಲ್ಲಿ ಮಾತ್ರ ಬರಲಿ ಅಂತ ಕಾಯುತ್ತೇವೆ. ಒಮ್ಮೊಮ್ಮೆ ಬರುವುದೇ ಇಲ್ಲ. ಅವತ್ತು ಮೆಲ್ಲಗೆ ಏರಿ ವಸಡಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಂತು ಹೆಪ್ಪುಗಟ್ಟಿತು. ಆ ಹೆಪ್ಪಿನ ಜೊತೆ ಬೇರಿನ ತುದಿಯ ಕಾಂಡಕೋಶಗಳೂ ಒಳಗೆ ಬರುತ್ತವೆ. ಮೇಲೆ ಸಿಮೆಂಟು ಇಟ್ಟು ಮುಚ್ಚಿದೆ.

“ಹಲ್ಲಿಗೆ ಮತ್ತೆ ಜೀವ ಬರುತ್ತಾ?” ತಾಯಿ ಕೇಳಿದರು.

ಹೌದು ಅನ್ನಲು ಆಗಲಿಲ್ಲ. ಒಳಗೆ ಬೆಳೆಯುವುದು ಹೆಚ್ಚಾಗಿ ಮೂಳೆಯಂಥ, ಸಿಮೆಂಟಮ್‌ನಂಥ (ಬೇರಿನ ಹೊರಪದರದಂಥ) ಅಂಗಾಂಶ, ನಿಜವಾದ ತಿರುಳಲ್ಲ. ಸೋಂಕು ವಾಸಿಯಾಗುವುದು ಸಾಮಾನ್ಯ. ಗೋಡೆ ದಪ್ಪವಾಗುವುದು ಮಾತ್ರ ಹಲ್ಲಿನಿಂದ ಹಲ್ಲಿಗೆ ಬೇರೆ. ಫಲ ಸಿಗದಿದ್ದರೆ ಎಂಟಿಎ ದಾರಿ ಇದ್ದೇ ಇದೆ.

ವರ್ಷದ ನಂತರದ ಎಕ್ಸ್‌ರೇಯಲ್ಲಿ ಬೇರಿನ ಸುತ್ತಲಿನ ಸೋಂಕಿನ ಕಪ್ಪು ನೆರಳು ಹೋಗಿತ್ತು, ತುದಿ ಕಿರಿದಾಗಿತ್ತು. ಗೋಡೆ ಒಂದಿಷ್ಟೇ ದಪ್ಪ. ಇನ್ನೊಂದು ವರ್ಷ ಬಿಟ್ಟು ಬನ್ನಿ ಅಂದೆ.