ವಕೀಲರ ಹೆಸರು ದೃಷ್ಟಿಬೊಂಬೆಯಲ್ಲ

ಪೀಣ್ಯದ ಕಾರ್ಖಾನೆ ಮಾಲೀಕರೊಬ್ಬರು (ಗುರುತು ಬದಲಿಸಿದ್ದೇನೆ, ಗೋಪ್ಯತೆಯ ಬಗ್ಗೆ ಬರೆಯುತ್ತಾ ಅದನ್ನೇ ಮುರಿಯಬಾರದಲ್ಲ) ದಿನಕ್ಕೆ ಹತ್ತಾರು ಇಮೇಲ್‌ಗಳ ಪ್ರತಿ ಅವರ ವಕೀಲನಾದ ನನಗೆ ಕಳುಹಿಸುತ್ತಿದ್ದರು. ಲಾರಿ ಬಾಡಿಗೆ, ಕ್ಯಾಂಟೀನ್ ಬಿಲ್ಲು, ಎಲ್ಲದರ ತಲೆಯ ಮೇಲೂ ‘ಗೋಪ್ಯ’. ಏಕೆಂದು ಕೇಳಿದೆ. “ನಿಮ್ಮ ಹೆಸರಿದ್ದರೆ ಕೋರ್ಟು ಮುಟ್ಟುವ ಹಾಗಿಲ್ಲವಲ್ಲ ಸಾರ್” ಎಂದರು.

ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಕಾಪಾಡುವುದು ನೀವು ವಕೀಲರಿಂದ ಸಲಹೆ ಕೇಳಿ ಆಡಿದ ಮಾತನ್ನು, ಅವರು ಕೊಟ್ಟ ಸಲಹೆಯನ್ನು. ಮೊದಲೇ ಇದ್ದ ಕರಾರುಪತ್ರ ನನ್ನ ಕಪಾಟಿಗೆ ಬಂದ ಮಾತ್ರಕ್ಕೆ ಗುಟ್ಟಾಗುವುದಿಲ್ಲ. ನ್ಯಾಯಾಲಯ ಹಾಜರುಪಡಿಸಿ ಎಂದರೆ ಹಾಜರುಪಡಿಸಬೇಕು. ‘ಈ ಕರಾರು ಮುರಿದರೆ ನಮಗೇನಾಗುತ್ತದೆ?’ ಎಂದು ನೀವು ನನ್ನನ್ನು ಕೇಳಿದ ಪತ್ರದ ಮಾತು ಬೇರೆ. ಕರಾರು ಗುಟ್ಟಲ್ಲ, ಅದರ ಬಗ್ಗೆ ನೀವು ಕೇಳಿದ್ದು ಗುಟ್ಟು. ಇದನ್ನು ಎಷ್ಟು ಸಲ ಹೇಳಿದ್ದೇನೋ! ಆ ಪತ್ರವನ್ನೂ ಸರಕು ಪೂರೈಸುವವರಿಗೆ, ಭಾವಮೈದುನನಿಗೆ ಹಂಚಿದರೆ ಗುಟ್ಟೆಂದು ವಾದಿಸುವುದು ನನಗೂ ಕಷ್ಟ. ಇನ್ನು ಅಕ್ರಮಕ್ಕೆ ದಾರಿ ಕೇಳಿದ ಮಾತಿಗಂತೂ ರಕ್ಷಣೆಯೇ ಇಲ್ಲ.

“ಹಾಗಾದರೆ ನಮ್ಮ ಲೀಗಲ್ ಮ್ಯಾನೇಜರ್‌ಗೇ ಬರೆಯುತ್ತೇನೆ, ಅವರೂ ಎಲ್‌ಎಲ್‌ಬಿ” ಎಂದರು. ಅಲ್ಲಿ ಇನ್ನೂ ದೊಡ್ಡ ಗುಂಡಿ. ಕಂಪನಿಯ ಸಂಬಳದ ಕಾನೂನು ಅಧಿಕಾರಿ ನ್ಯಾಯಾಲಯದಲ್ಲಿ ವೃತ್ತಿ ನಡೆಸುವ ವಕೀಲರಲ್ಲ, ಅವರಿಗೆ 132ರ ರಕ್ಷಣೆ ಸಿಗದು ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಹೇಳಿದೆ. ಅವರು ಹೊರಗಿನ ವಕೀಲರಿಗೆ ಬರೆದದ್ದಕ್ಕೆ 134ನೇ ಸೆಕ್ಷನ್‌ನ ಆಸರೆಯುಂಟು. ಮಾಲೀಕರಿಗೂ ಅವರಿಗೂ ನಡುವೆ ನಡೆದ ಮಾತಿಗೆ ಅದೂ ಇಲ್ಲ. ಪಾಪ, ಆ ಮ್ಯಾನೇಜರ್ ಒಳ್ಳೆಯ ಕಾನೂನು ಬಲ್ಲವರು. ಅವರ ಟಿಪ್ಪಣಿಗಳು ನನ್ನವಕ್ಕಿಂತ ಚೊಕ್ಕ. ಆದರೆ ಇಲ್ಲಿ ಜಾಣತನ ಲೆಕ್ಕಕ್ಕೆ ಬರುವುದಿಲ್ಲ.

ಪ್ರತಿ ಪ್ರಕರಣದ ಸಂಗತಿಯೂ ಬೇರೆ, ಹಾಗಾಗಿ ಇದನ್ನು ಓದಿ ನೀವೇ ತೀರ್ಮಾನಕ್ಕೆ ಬರಬೇಡಿ. ಅವರಿಗೆ ನಾನು ಹೇಳಿದ್ದು ಇಷ್ಟೇ: ಕಾನೂನು ಪ್ರಶ್ನೆಯಿದ್ದರೆ ನನಗೊಬ್ಬನಿಗೇ, ವ್ಯಾಪಾರದ ಮಾತು ಬೆರೆಸದೆ, ಬೇರೆ ಪತ್ರದಲ್ಲಿ ಕೇಳಿ. ಈಗ ಹಾಗೆಯೇ ಕೇಳುತ್ತಾರೆ. ಕ್ಯಾಂಟೀನ್ ಬಿಲ್ಲು ಮಾತ್ರ ಇನ್ನೂ ಬರುತ್ತಿದೆ.